ಗರ್ಭಿಣಿಯ ಎದೆಬಡಿತ 210: ಬಾಗಲಕೋಟೆಯ ಒಂದು ಪ್ರಕರಣ

ರಬಕವಿ-ಬನಹಟ್ಟಿ ಕಡೆಯ ನೇಕಾರ ಕುಟುಂಬದ ಸೊಸೆ. ವಯಸ್ಸು 24. ಎರಡನೇ ಬಸಿರು, 31 ವಾರ ತುಂಬಿತ್ತು. ಡಿಸೆಂಬರ್ ತಿಂಗಳ ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಬಾಗಲಕೋಟೆಯ ನಮ್ಮ ಆಸ್ಪತ್ರೆಗೆ ಆಕೆಯನ್ನು ಕರೆತಂದಾಗ ಎದೆ ನಾಲ್ಕು ಗಂಟೆಗಳಿಂದ ಬಿಡದೆ ಹೊಡೆದುಕೊಳ್ಳುತ್ತಿತ್ತು. ಮಣಿಕಟ್ಟಿನ ನಾಡಿ ಎಣಿಕೆಗೆ ಸಿಗಲಿಲ್ಲ. ಮಾನಿಟರ್ ನಿಮಿಷಕ್ಕೆ 210 ಎಂದು ತೋರಿಸಿತು. ಬಿಪಿ 92/60. ಏದುಸಿರು, ತಣ್ಣನೆಯ ಬೆವರು. ಆದರೂ ಪ್ರಜ್ಞೆ ಸರಿಯಾಗಿತ್ತು, ಕೇಳಿದ್ದಕ್ಕೆಲ್ಲ ಉತ್ತರಿಸುತ್ತಿದ್ದಳು. ಡಾಪ್ಲರ್‌ನಲ್ಲಿ ಮಗುವಿನ ಎದೆಬಡಿತ 150 ಇತ್ತು.

ಕುಟುಂಬದ ಗುರುತು ಸಿಗುವಂಥ ವಿವರಗಳನ್ನು ಇಲ್ಲಿ ಬಿಟ್ಟಿದ್ದೇನೆ. ಆಕೆಗೆ ಇದ್ದದ್ದು ಅಪರೂಪದ ರೋಗವೇನಲ್ಲ. ವೈದ್ಯರು ಎಸ್‌ವಿಟಿ ಎನ್ನುವ, ಹೃದಯದ ಮೇಲಿನ ಕೋಣೆಗಳ ಮಟ್ಟದಲ್ಲಿ ಹುಟ್ಟುವ ಅತಿವೇಗದ ಬಡಿತ. ಹೆರಿಗೆಯ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಆಗಾಗ ಕಾಣುವ, ಔಷಧವಿರುವ ತೊಂದರೆ. ಔಷಧ ಆಕೆಯ ಮನೆಯಲ್ಲೂ ಇತ್ತು. ಐದನೇ ತಿಂಗಳಲ್ಲಿ ಬರೆದುಕೊಟ್ಟಿದ್ದ ಮಾತ್ರೆಯನ್ನು, ಮಗುವಿಗೆ ಅಪಾಯವಾದೀತೆಂದು ಮನೆಯವರೇ ನಿಲ್ಲಿಸಿದ್ದರು. ತಾಯಿಯ ಹೃದಯಕ್ಕೆ ಬೇಕಾದ ಚಿಕಿತ್ಸೆಯನ್ನು ಮಗುವಿನ ಹೆಸರಿನಲ್ಲಿ ತಡೆಹಿಡಿದರೆ ಮೊದಲು ಸಂಕಟಕ್ಕೆ ಬೀಳುವುದು ಆ ಮಗುವೇ. ಈ ಪ್ರಕರಣವನ್ನು ಬರೆಯುತ್ತಿರುವುದು ಆ ಒಂದು ಮಾತಿಗಾಗಿ.

ಹಿಂದಿನ ಕಥೆ

ಹದಿನೇಳನೇ ವಯಸ್ಸಿನಿಂದಲೇ ವರ್ಷಕ್ಕೆ ಮೂರು ನಾಲ್ಕು ಸಲ ಈ ಕಾಟ ಇತ್ತು. ಕಂಡಿಕೆ ಸುತ್ತುತ್ತಾ ಕುಳಿತಾಗಲೋ, ಬಗ್ಗಿ ಕೊಡ ಎತ್ತುವಾಗಲೋ ಇದ್ದಕ್ಕಿದ್ದಂತೆ ಎದೆ ಓಡತೊಡಗುತ್ತಿತ್ತು. ಕುತ್ತಿಗೆ ಪಟಪಟನೆ ಹೊಡೆದುಕೊಳ್ಳುವುದು ಎದುರಿಗೆ ಕುಳಿತವರಿಗೂ ಕಾಣುತ್ತಿತ್ತು. ಐದು ಹತ್ತು ನಿಮಿಷ ಕಳೆದ ಮೇಲೆ, ಶುರುವಾದಷ್ಟೇ ಥಟ್ಟನೆ ನಿಲ್ಲುತ್ತಿತ್ತು. ನಿಂತ ಮೇಲೆ ಎರಡು ಮೂರು ಸಲ ಧಾರಾಳವಾಗಿ ಮೂತ್ರ ಹೋಗುತ್ತಿತ್ತು. ಈ ಕೊನೆಯ ಸಂಗತಿಯನ್ನು ರೋಗಿಗಳು ನಾಚಿಕೆಯಿಂದಲೋ, ಸಂಬಂಧವಿಲ್ಲವೆಂದೋ ಹೇಳುವುದಿಲ್ಲ. ಆದರೆ ಸಂಬಂಧವಿದೆ. ಅತಿವೇಗದ ಬಡಿತದಲ್ಲಿ ಹೃದಯದ ಮೇಲ್ಕೋಣೆಗಳು ಹಿಗ್ಗುತ್ತವೆ, ಹಿಗ್ಗಿದಾಗ ಮೂತ್ರ ಹೆಚ್ಚಿಸುವ ಒಂದು ಹಾರ್ಮೋನನ್ನು ಬಿಡುತ್ತವೆ. ಥಟ್ಟನೆ ಶುರು, ಥಟ್ಟನೆ ಅಂತ್ಯ, ಕುತ್ತಿಗೆಯ ಹೊಡೆತ, ಆಮೇಲೆ ಮೂತ್ರ: ಸಾವಧಾನವಾಗಿ ಕೇಳಿದರೆ ಇಸಿಜಿಗೆ ಮೊದಲೇ ಅರ್ಧ ರೋಗನಿರ್ಣಯ ಆಗಿಹೋಗುತ್ತದೆ.

ಕೇಳಿದವರು ಕಡಿಮೆ. ಮನೆಯಲ್ಲಿ ದೃಷ್ಟಿ ತೆಗೆದು ತಾಯಿತ ಕಟ್ಟಿಸಿದ್ದರು. ತೋರಿಸಿದ ಕಡೆಗಳಲ್ಲೆಲ್ಲ, ಆಕೆ ಆಸ್ಪತ್ರೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಬಡಿತ ನಿಂತಿರುತ್ತಿತ್ತು, ಇಸಿಜಿ ಸರಿಯಾಗಿ ಬರುತ್ತಿತ್ತು, ಟಾನಿಕ್ ಬರೆದು ‘ಅಂಜಬೇಡ’ ಎಂದು ಕಳಿಸುತ್ತಿದ್ದರು. ಈ ಬಗ್ಗೆ ಆಕೆ ನನಗೆ ಹೇಳಿದ ಮಾತು ಹೀಗಿತ್ತು: “ಅಂಜಿದ್ದಕ್ಕೆ ಎದೆ ಹೊಡೆದುಕೊಳ್ಳುವುದಿಲ್ಲ ಮೇಡಂ. ಎದೆ ಹೊಡೆದುಕೊಳ್ಳುತ್ತದೆ, ಅದಕ್ಕೇ ಅಂಜಿಕೆ ಬರುತ್ತದೆ.” ಈ ಅತಿವೇಗದ ಬಡಿತ ಇಲ್ಲದ ಹೊತ್ತಿನಲ್ಲಿ ತೆಗೆದ ಇಸಿಜಿ ಸರಿಯಿದ್ದರೆ ರೋಗವಿಲ್ಲ ಎಂದು ಅರ್ಥವಲ್ಲ. ಆ ಹೊತ್ತಿನಲ್ಲಿ ರೋಗ ಕೈಗೆ ಸಿಕ್ಕಿಲ್ಲ, ಅಷ್ಟೇ.

ಮೊದಲ ಬಸಿರು ಹೇಗೋ ಕಳೆಯಿತು. ಎರಡನೆಯದರಲ್ಲಿ ಈ ಕಾಟ ವಾರಕ್ಕೊಮ್ಮೆ ಬರತೊಡಗಿತು. ಬಸಿರಿನಲ್ಲಿ ಮೈಯೊಳಗಿನ ರಕ್ತದ ಪ್ರಮಾಣವೇ ಶೇ 40ರಿಂದ 50ರಷ್ಟು ಹೆಚ್ಚುತ್ತದೆ, ಹೃದಯ ನಿಮಿಷಕ್ಕೆ ಪಂಪು ಮಾಡುವ ರಕ್ತ ಶೇ 30ರಿಂದ 50ರಷ್ಟು ಏರುತ್ತದೆ, ವಿಶ್ರಾಂತಿಯಲ್ಲಿನ ಬಡಿತವೂ 10ರಿಂದ 20 ಹೆಚ್ಚುತ್ತದೆ. ಕೋಣೆಗಳು ಹಿಗ್ಗಿರುತ್ತವೆ, ಉದ್ರೇಕದ ಹಾರ್ಮೋನುಗಳಿಗೆ ಹೃದಯ ಬೇಗ ಸ್ಪಂದಿಸುತ್ತದೆ. ವಿದ್ಯುತ್ ಸಂಕೇತ ಸಾಗಲು ಮೊದಲೇ ಅಡ್ಡದಾರಿ ಇರುವ ಹೃದಯದಲ್ಲಿ ಇದೆಲ್ಲ ಸೇರಿ ಕಾಟ ಹೆಚ್ಚಾಗುವುದು ಸಹಜ. ಗರ್ಭಿಣಿಯರಲ್ಲಿ ಬಹುಪಾಲು ಜನರಿಗೆ ಆಗುವ ಡವಡವ ನಿರಪಾಯಕಾರಿ, ನಿಜ. ನಿಮಿಷಕ್ಕೆ ನೂರರ ಆಸುಪಾಸಿನಲ್ಲಿ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವ ಬಡಿತ ಬಸಿರಿನ ಸಹಜ ಗುಣ. ಥಟ್ಟನೆ 180 ದಾಟುವುದು ಆ ಲೆಕ್ಕಕ್ಕೆ ಸೇರುವುದಿಲ್ಲ.

20ನೇ ವಾರದಲ್ಲಿ ಅದೃಷ್ಟ ಕೈಹಿಡಿಯಿತು. ಜಮಖಂಡಿಯ ವೈದ್ಯರೊಬ್ಬರ ದವಾಖಾನೆಯಲ್ಲಿ ಸರತಿಯಲ್ಲಿ ಕುಳಿತಿದ್ದಾಗಲೇ ಬಡಿತ ಶುರುವಾಯಿತು. ಅವರು ತಡಮಾಡದೆ ಇಸಿಜಿ ತೆಗೆದರು: ನಿಮಿಷಕ್ಕೆ 190, ಕ್ರಮಬದ್ಧ, ಕಿರಿದಾದ ಅಲೆಗಳು. ಬಡಿತ ತಾನಾಗಿ ನಿಂತ ಮೇಲೆ ಮತ್ತೊಂದು ಪಟ್ಟಿ ತೆಗೆದರು. ಹೃದಯದ ಉದ್ರೇಕವನ್ನು ಅದುಮುವ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ಮೆಟೊಪ್ರೊಲಾಲ್ 25 ಮಿಲಿಗ್ರಾಂ, ದಿನಕ್ಕೆ ಎರಡು ಸಲ ಬರೆದುಕೊಟ್ಟರು. ಆರು ವಾರ ಆಕೆ ನೆಮ್ಮದಿಯಿಂದಿದ್ದಳು.

ಆಮೇಲೆ ಏಳನೇ ತಿಂಗಳ ಕುಬಸ ಬಂತು. ಕುಬಸಕ್ಕೆ ಬಂದಿದ್ದ ನೆಂಟರೊಬ್ಬರು ಮಾತ್ರೆಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿ, ಗರ್ಭಿಣಿಯರು ಎಚ್ಚರಿಕೆ ವಹಿಸಬೇಕು ಎಂಬ ಸಾಲನ್ನು ಓದಿ ಹೇಳಿದರು. ಮಾತ್ರೆ ಅಂದೇ ನಿಂತಿತು. ಯಾರದೂ ಕೆಟ್ಟ ಮನಸ್ಸಲ್ಲ. ಆದರೆ ಈ ಗುಂಪಿನ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ, ಅಷ್ಟು ದಿನ ಅದುಮಿಟ್ಟ ಉದ್ರೇಕ ಇನ್ನಷ್ಟು ಜೋರಾಗಿ ತಲೆ ಎತ್ತುತ್ತದೆ. ಮೂರು ನಾಲ್ಕು ವಾರಗಳಲ್ಲಿ ಬಂದದ್ದೇ ಡಿಸೆಂಬರಿನ ಆ ರಾತ್ರಿ.

ಆ ರಾತ್ರಿ

ಸಂಜೆ ಏಳಕ್ಕೆ ಬಡಿತ ಶುರುವಾಯಿತು. ಎಂಟಕ್ಕೆ ಉಸಿರು ಮೇಲೇರಿತು. ಹತ್ತಿರದ ದವಾಖಾನೆಯಲ್ಲಿ ದಮ್ಮು ಎಂದು ತಿಳಿದು ಡೆರಿಫಿಲಿನ್ ಚುಚ್ಚುಮದ್ದು ಕೊಟ್ಟು, ದೊಡ್ಡ ಆಸ್ಪತ್ರೆಗೆ ಹೋಗಲು ಹೇಳಿದರು. ಮಹಾಲಿಂಗಪುರ, ಮುಧೋಳ, ಲೋಕಾಪುರ ದಾಟಿ ಬರಬೇಕು. ಕಬ್ಬು ನುರಿಸುವ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡು ಹಿಂದೆ ದೀಪವಿಲ್ಲದೆ ಸಾಗುವ ಟ್ರ್ಯಾಕ್ಟರುಗಳ ಸಾಲು. ನಮ್ಮ ಜಿಲ್ಲೆಯಲ್ಲಿ ನವೆಂಬರಿನಿಂದ ಮೂರು ನಾಲ್ಕು ತಿಂಗಳು ತುರ್ತು ರೋಗಿಯ ದಾರಿಯ ಲೆಕ್ಕವನ್ನು ಕಿಲೋಮೀಟರಿನಲ್ಲಿ ಹಾಕಿ ಪ್ರಯೋಜನವಿಲ್ಲ.

ಮೊದಲು ಮಾಡಿದ್ದು ಎಡಮಗ್ಗುಲಿಗೆ ವಾಲಿಸಿ ಮಲಗಿಸಿದ್ದು. ಇಷ್ಟು ತಿಂಗಳ ಗರ್ಭಿಣಿ ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ಹೃದಯಕ್ಕೆ ಮರಳುವ ರಕ್ತವೇ ಕಡಿಮೆಯಾಗುತ್ತದೆ, ಬಿಪಿ ಮತ್ತಷ್ಟು ಇಳಿಯುತ್ತದೆ. ಮೊಳಕೈ ಮಡಿಕೆಯಲ್ಲಿ ದಪ್ಪ ಸೂಜಿ, ಆಮ್ಲಜನಕ, ಹನ್ನೆರಡು ಲೀಡ್‌ಗಳ ಇಸಿಜಿ. ಅಲೆಗಳು ಕಿರಿದು, ಕ್ರಮಬದ್ಧ, 210.

ಇಲ್ಲಿ ಹಳೆಯ ಇಸಿಜಿ ಬೇಕಿತ್ತು. ಬಡಿತವಿಲ್ಲದಾಗ ತೆಗೆದ ಪಟ್ಟಿಯಲ್ಲಿ ಅಲೆಯ ಏರುಮುಖದಲ್ಲಿ ಸಣ್ಣ ಇಳಿಜಾರು ಕಂಡರೆ ಅದು ಡಬ್ಲ್ಯುಪಿಡಬ್ಲ್ಯು, ಅಂದರೆ ಹುಟ್ಟಿನಿಂದಲೇ ಮೇಲ್ಕೋಣೆ ಕೆಳಕೋಣೆಗಳ ನಡುವೆ ಇರುವ ಹೆಚ್ಚುವರಿ ತಂತು. ಅಂಥ ಹೃದಯದಲ್ಲಿ ಬಡಿತ ಅಕ್ರಮವಾಗಿ ಓಡತೊಡಗಿದಾಗ ನಾವು ಸಾಮಾನ್ಯವಾಗಿ ಕೊಡುವ ಕೆಲವು ಔಷಧಗಳೇ ಪ್ರಾಣಕ್ಕೆ ಎರವಾಗಬಹುದು. ಅತ್ತೆ ತಾಯಿ ಕಾರ್ಡಿನ ಮಡಿಕೆಯಿಂದ ಜಮಖಂಡಿಯ ಇಸಿಜಿ ತೆಗೆದುಕೊಟ್ಟರು. ಪ್ಲಾಸ್ಟಿಕ್ ಹೊದಿಕೆಯೊಳಗೆ ಜೋಪಾನವಾಗಿ ಇಟ್ಟಿದ್ದ ಆ ಕಾಗದ ಪೂರ್ತಿ ಬಿಳಿಚಿಕೊಂಡಿತ್ತು, ಒಂದು ಗೆರೆಯೂ ಉಳಿದಿರಲಿಲ್ಲ. ಇಸಿಜಿ ಯಂತ್ರದಿಂದ ಬರುವುದು ಶಾಖಕ್ಕೆ ಕಪ್ಪಾಗುವ ಕಾಗದ, ಬಸ್ಸಿನ ಟಿಕೆಟಿನಂಥದ್ದೇ. ಬಿಸಿಲು, ಬಿಸಿ, ಪ್ಲಾಸ್ಟಿಕ್ ಯಾವುದೂ ಅದಕ್ಕೆ ಆಗುವುದಿಲ್ಲ. ಪುಣ್ಯಕ್ಕೆ ಗಂಡ ಅಂದೇ ಎರಡೂ ಪಟ್ಟಿಗಳ ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಂಡಿದ್ದ. ಪರದೆಯನ್ನು ಹಿಗ್ಗಿಸಿ ನೋಡಿದೆವು. ಇಳಿಜಾರು ಇರಲಿಲ್ಲ. ಅಂದಿನಿಂದ ನಮ್ಮಲ್ಲಿ ಇಸಿಜಿ ತೆಗೆದ ಪ್ರತಿ ಗರ್ಭಿಣಿಯ ಮನೆಯವರಿಗೂ ‘ಫೋಟೊ ತೆಗೆದುಕೊಳ್ಳಿ’ ಎಂದು ಹೇಳಿಯೇ ಕಾಗದ ಕೊಡುತ್ತೇವೆ.

ಔಷಧಕ್ಕೆ ಮೊದಲು ಉಸಿರಿನ ಉಪಾಯ. ಹತ್ತು ಮಿಲಿ ಸಿರಿಂಜಿನ ತುದಿಗೆ ಬಾಯಿಟ್ಟು, ಒಳಗಿನ ದಂಡ ಸರಿಯುವಷ್ಟು ಬಲವಾಗಿ ಹದಿನೈದು ಸೆಕೆಂಡು ಊದಿಸಿ, ಊದಿ ಮುಗಿದ ಕೂಡಲೇ ಮಲಗಿಸಿ ಕಾಲುಗಳನ್ನು ಎತ್ತಿ ಹಿಡಿಯುವುದು. 2015ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಅಧ್ಯಯನದಲ್ಲಿ ಕುಳಿತಲ್ಲೇ ಊದಿದವರಲ್ಲಿ ಶೇ 17 ಜನರ ಬಡಿತ ಸರಿಹೋದರೆ, ಹೀಗೆ ಕಾಲೆತ್ತಿದವರಲ್ಲಿ ಶೇ 43 ಜನರದು ಸರಿಹೋಯಿತು. ದುಡ್ಡಿಲ್ಲದ, ಮಗುವಿಗೆ ಯಾವ ಔಷಧವೂ ಮುಟ್ಟದ ಚಿಕಿತ್ಸೆ. ನಾವು ಸೊಂಟದ ಬಲಗಡೆಗೆ ದಿಂಬು ಕೊಟ್ಟು ಎರಡು ಸಲ ಪ್ರಯತ್ನಿಸಿದೆವು. ಬಡಿತ ಜಗ್ಗಲಿಲ್ಲ.

ಮುಂದಿನದು ಅಡೆನೊಸಿನ್. ಇಂಥ ಬಡಿತ ಹೃದಯದ ನಡುವಿನ ಗಂಟಿನಲ್ಲಿ ಒಂದು ಕಿರುಸುತ್ತಾಗಿ ತಿರುಗುತ್ತಿರುತ್ತದೆ. ಹೋಗಬೇಕಾದ ವಿದ್ಯುತ್ ಸಂಕೇತ ಮುಂದೆ ಸಾಗುತ್ತಲೇ ಇನ್ನೊಂದು ದಾರಿಯಲ್ಲಿ ಹಿಂದಿರುಗಿ, ಗಾಣಕ್ಕೆ ಕಟ್ಟಿದ ಎತ್ತಿನ ಹಾಗೆ ಅಲ್ಲಲ್ಲೇ ಸುತ್ತುತ್ತದೆ. ಅಡೆನೊಸಿನ್ ಆ ಗಂಟನ್ನು ಕೆಲವು ಸೆಕೆಂಡು ಸ್ತಬ್ಧಗೊಳಿಸಿ ಸುತ್ತನ್ನು ಮುರಿಯುತ್ತದೆ. ರಕ್ತದಲ್ಲಿ ಅದರ ಅರ್ಧಾಯುಷ್ಯ ಹತ್ತು ಸೆಕೆಂಡಿಗಿಂತ ಕಡಿಮೆ. ಮಗುವಿನವರೆಗೆ ತಲುಪುವ ಮೊದಲೇ ಕರಗಿಹೋಗುತ್ತದೆ. ಹಾಗಾಗಿಯೇ ಬಸಿರಿನಲ್ಲಿ ಇದು ಮೊದಲ ಆಯ್ಕೆ. ಕೊಡುವಾಗ ರೋಗಿಗೆ ಮುಂಚೆಯೇ ಹೇಳಬೇಕು: ಎದೆ ಒತ್ತಿದಂತಾಗುತ್ತದೆ, ಮುಖಕ್ಕೆ ಬಿಸಿ ಏರುತ್ತದೆ, ಜೀವ ಹೋದಂತೆ ಅನ್ನಿಸುತ್ತದೆ, ಎಲ್ಲವೂ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಹೇಳದೆ ಕೊಟ್ಟರೆ ಆ ಭಯ ವರ್ಷಗಟ್ಟಲೆ ಉಳಿಯುತ್ತದೆ.

6 ಮಿಲಿಗ್ರಾಂ ರಭಸದಿಂದ ಕೊಟ್ಟು ಹಿಂದೆಯೇ 20 ಮಿಲಿ ಸಲೈನ್ ತಳ್ಳಿದೆವು. ಏನೂ ಆಗಲಿಲ್ಲ. 12 ಕೊಟ್ಟೆವು. ಎರಡು ಮೂರು ಬಡಿತ ನಿಧಾನವಾದವು, ಮತ್ತೆ 210. ಕಾರಣ ಸಿಕ್ಕಿದ್ದು ಗಂಡನ ಜೇಬಿನಲ್ಲಿದ್ದ ಚೀಟಿಯಲ್ಲಿ. ಡೆರಿಫಿಲಿನ್‌ನಲ್ಲಿ ಇರುವ ಥಿಯೊಫಿಲಿನ್ ಅಡೆನೊಸಿನ್ನಿಗೆ ನೇರ ಎದುರಾಳಿ. ಅಡೆನೊಸಿನ್ ಹಿಡಿಯಬೇಕಾದ ಜಾಗವನ್ನು ಅದು ಮೊದಲೇ ಹಿಡಿದು ಕುಳಿತಿರುತ್ತದೆ. ಮೇಲಾಗಿ ತಾನೂ ಬಡಿತವನ್ನು ಏರಿಸುತ್ತದೆ, ರಕ್ತದ ಪೊಟ್ಯಾಸಿಯಮ್ಮನ್ನೂ ಇಳಿಸುತ್ತದೆ. ನಮ್ಮ ಭಾಗದಲ್ಲಿ ಏದುಸಿರು ಎಂದವರಿಗೆಲ್ಲ ಈ ಚುಚ್ಚುಮದ್ದು ಬೀಳುವುದು ರೂಢಿ. ಏದುಸಿರಿನ ಗರ್ಭಿಣಿ ಎದುರಿಗಿದ್ದಾಗ ನಾಡಿ ಹಿಡಿದು ನೋಡದೆ ಅದನ್ನು ಕೊಡಬಾರದು ಎಂದು ಸಿಕ್ಕ ವೇದಿಕೆಯಲ್ಲೆಲ್ಲ ಹೇಳುತ್ತಿದ್ದೇನೆ, ಹೇಳುತ್ತಲೇ ಇರುತ್ತೇನೆ.

ಹೊತ್ತು ಹೋದಂತೆ ಬಿಪಿ 80/50ಕ್ಕೆ ಇಳಿಯಿತು. ಆಕೆ ಮಂಪರಿಗೆ ಜಾರತೊಡಗಿದಳು. ಮಗುವಿನ ಬಡಿತ 150ರಿಂದ ನೂರರ ಸಮೀಪಕ್ಕೆ ಬಿದ್ದು, ಏರಿ, ಮತ್ತೆ ಬಿತ್ತು. ಗರ್ಭಕೋಶದ ರಕ್ತನಾಳಗಳಿಗೆ ತಮ್ಮಷ್ಟಕ್ಕೆ ರಕ್ತದ ಹರಿವನ್ನು ಕಾಯ್ದುಕೊಳ್ಳುವ ಶಕ್ತಿಯಿಲ್ಲ. ತಾಯಿಯ ಬಿಪಿ ಎಷ್ಟಿದೆಯೋ ಮಗುವಿಗೆ ಸಿಗುವ ರಕ್ತವೂ ಅಷ್ಟೇ. ಈ ಬಿಪಿಯಲ್ಲಿ, ಅದನ್ನು ಇನ್ನಷ್ಟು ಇಳಿಸುವ ಮೆಟೊಪ್ರೊಲಾಲನ್ನಾಗಲಿ ವೆರಾಪಮಿಲನ್ನಾಗಲಿ ನರಕ್ಕೆ ಕೊಡುವಂತಿರಲಿಲ್ಲ. ಉಳಿದದ್ದು ವಿದ್ಯುತ್ ಆಘಾತ.

ಅತ್ತೆ ಬಾಗಿಲಿಗೆ ಅಡ್ಡ ನಿಂತರು. “ಹೊಟ್ಟೆಯಲ್ಲಿರುವ ಕೂಸಿಗೆ ಕರೆಂಟ್ ಹೊಡೆಯುವುದಿಲ್ಲವೇ ಮೇಡಂ?” ಎಂದು ಕೇಳಿದರು. ಕೇಳಲೇಬೇಕಾದ ಪ್ರಶ್ನೆ ಅದು. ಎದೆಯ ಮೇಲಿನ ಎರಡು ಪಟ್ಟಿಗಳ ನಡುವೆಯೇ ವಿದ್ಯುತ್ ಹರಿಯುತ್ತದೆ, ಗರ್ಭಕೋಶದವರೆಗೆ ಹೋಗುವುದು ತೀರಾ ಅಲ್ಪ. ಬಸಿರಿನ ಯಾವ ತಿಂಗಳಲ್ಲಾದರೂ ಇದನ್ನು ಮಾಡಬಹುದು. ಮಾಡಿದ ಮೇಲೆ ಮಗುವಿನ ಬಡಿತವನ್ನು ನೋಡುತ್ತಲೇ ಇರುತ್ತೇವೆ, ಹೆಚ್ಚುಕಡಿಮೆಯಾದರೆ ಸಿಸೇರಿಯನ್‌ಗೆ ಹೆರಿಗೆ ತಜ್ಞರು ಇಲ್ಲೇ ನಿಂತಿದ್ದಾರೆ. ಈಗ ಕೂಸಿಗೆ ಕುತ್ತಾಗಿರುವುದು ಈ ಬಡಿತ, ನಾವು ಕೊಡುವ ಆಘಾತವಲ್ಲ. ಇಷ್ಟನ್ನು ಹೇಳಿ ಡಾಪ್ಲರಿನ ದನಿಯನ್ನು ಅವರಿಗೇ ಕೇಳಿಸಿದೆ. ಬೀಳುತ್ತಾ ಏಳುತ್ತಾ ಇದ್ದ ಆ ಬಡಿತವನ್ನು ಕೇಳಿ ಅವರು ಪಕ್ಕಕ್ಕೆ ಸರಿದರು. “ತಾಳಿ ತೆಗೆಯಬೇಕೇ?” ಎಂದಷ್ಟೇ ಕೇಳಿದರು. ತೆಗೆಯಬೇಕಾಗಿರಲಿಲ್ಲ. ಪಟ್ಟಿಗೆ ತಾಗದಂತೆ ಎಡಭುಜದ ಹಿಂದಕ್ಕೆ ಸರಿಸಿ ಸಿಸ್ಟರ್ ಟೇಪು ಹಚ್ಚಿದರು. ಕುಬಸದ ಹಸಿರು ಬಳೆಗಳೂ ಕೈಯಲ್ಲೇ ಉಳಿದವು.

ಗರ್ಭಿಣಿಯ ಹೊಟ್ಟೆ ಯಾವಾಗಲೂ ತುಂಬಿದೆ ಎಂದೇ ಎಣಿಸಬೇಕು. ಮಂಪರು ಕವಿದಾಗ ವಾಂತಿ ಶ್ವಾಸಕ್ಕೆ ಹೋಗದಂತೆ ಅರಿವಳಿಕೆ ತಜ್ಞರು ತಲೆಯ ಬಳಿ ಸಕ್ಷನ್ ಹಿಡಿದು ಸಿದ್ಧರಾದರು, ಅಲ್ಪ ಪ್ರಮಾಣದ ಮತ್ತಿನ ಔಷಧ ಕೊಟ್ಟರು. ಬಡಿತದ ಅಲೆಗೆ ಹೊಂದಿಸಿ 100 ಜೂಲ್ ಆಘಾತ ಕೊಟ್ಟೆವು. ಒಂದೇ ಸಲಕ್ಕೆ ಮಾನಿಟರ್ 96 ತೋರಿಸಿತು. ಹತ್ತು ನಿಮಿಷದೊಳಗೆ ಬಿಪಿ 108/70ಕ್ಕೆ ಏರಿತು, ಮಗುವಿನ ಬಡಿತ 144ಕ್ಕೆ ಬಂದು ಅಲ್ಲೇ ನಿಂತಿತು.

ಕಾರಣಗಳ ಹುಡುಕಾಟ

ಅತಿವೇಗದ ಬಡಿತ ನಿಂತಿತೆಂದು ಕೆಲಸ ಮುಗಿಯಲಿಲ್ಲ. ಹಿಮೊಗ್ಲೋಬಿನ್ 7.8, ಪೊಟ್ಯಾಸಿಯಮ್ 3.1, ಎರಡೂ ಕಡಿಮೆ. ರಕ್ತ ಕಡಿಮೆಯಿದ್ದರೆ ಇರುವ ರಕ್ತವನ್ನೇ ಹೃದಯ ವೇಗವಾಗಿ ತಿರುಗಿಸಬೇಕು, ಮೊದಲೇ ದಣಿದ ಹೃದಯಕ್ಕೆ ಅದು ಇನ್ನೊಂದು ಹೊರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ 52ರಷ್ಟು ಮಂದಿಗೆ ರಕ್ತಹೀನತೆಯಿದೆ. ಎದೆಬಡಿತದ ಯಾವ ಗರ್ಭಿಣಿ ಬಂದರೂ ಮೊದಲು ಹಿಮೊಗ್ಲೋಬಿನ್ ಮತ್ತು ಥೈರಾಯ್ಡ್ ನೋಡಬೇಕು. ಈಕೆಯ ಥೈರಾಯ್ಡ್ ಸರಿಯಿತ್ತು. ಪೊಟ್ಯಾಸಿಯಮ್ ತುಂಬಿಸಿ, ಕಬ್ಬಿಣಾಂಶವನ್ನು ನರದ ಮೂಲಕ ಕೊಟ್ಟೆವು.

ಎಕೊ ಪರೀಕ್ಷೆಯಲ್ಲಿ ಕವಾಟಗಳು ಸರಿಯಾಗಿದ್ದವು, ಹೃದಯದ ಪಂಪಿನ ಶಕ್ತಿಯೂ ಚೆನ್ನಾಗಿತ್ತು. ಇದನ್ನು ಒತ್ತಿ ಹೇಳಲು ಕಾರಣವಿದೆ. ಬಾಲ್ಯದ ಗಂಟಲುನೋವಿನಿಂದ ಬಂದ ಸಂಧಿಜ್ವರ ಮೈಟ್ರಲ್ ಕವಾಟವನ್ನು ಕಿರಿದಾಗಿಸಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಅಂಥ ಹೃದಯ ವೇಗವಾಗಿ ಬಡಿದರೆ ಕಿರಿದಾದ ಬಾಗಿಲಿನಿಂದ ರಕ್ತ ಇಳಿಯಲು ಸಮಯವೇ ಸಿಗುವುದಿಲ್ಲ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮೇಲ್ಕೋಣೆ ಅದುರುವ ಅಕ್ರಮ ಬಡಿತ ಶುರುವಾದರೆ ರಕ್ತ ಹೆಪ್ಪುಗಟ್ಟುವ ಭಯವೂ ಸೇರುತ್ತದೆ, ಆಗ ಅದನ್ನು ತಡೆಯುವ ಹೆಪಾರಿನ್ ಬೇಕಾಗುತ್ತದೆ. ಪ್ರತಿ ಬಡಿತದ ನಂತರ ಹೃದಯದ ವಿದ್ಯುತ್ ಸಹಜ ಸ್ಥಿತಿಗೆ ಮರಳಲು ತಡವಾಗುವ, ಹುಟ್ಟಿನಿಂದ ಬರುವ ಲಾಂಗ್ ಕ್ಯೂಟಿ ಎಂಬ ದೋಷವಿರುವವರಿಗೆ ಹೆರಿಗೆಯ ನಂತರದ ಒಂಬತ್ತು ತಿಂಗಳು ಬಸಿರಿಗಿಂತಲೂ ಅಪಾಯದ ಕಾಲ. ಅವರಲ್ಲಿ ಕೆಲವರಿಗೆ ನಿದ್ದೆಯಲ್ಲಿರುವಾಗ ಥಟ್ಟನೆ ಕಿವಿಗೆ ಬೀಳುವ ಸದ್ದೇ ಮಾರಕ ಬಡಿತ ಎಬ್ಬಿಸಬಲ್ಲದು. ವಾಂತಿಗೆಂದು ಎಲ್ಲರಿಗೂ ಕೊಡುವ ಒಂಡಾನ್ಸೆಟ್ರಾನ್ ಇಂಥವರಿಗೆ ಸಲ್ಲದು. ಹೃದಯದ ಬಡಿತ ತಪ್ಪುವ ರೋಗಗಳೆಲ್ಲ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಇಸಿಜಿ ಮತ್ತು ಎಕೊ ಎರಡೂ ಇಲ್ಲದೆ ಕೇವಲ ಡವಡವ ಎಂಬ ದೂರಿಗೆ ಔಷಧ ಬರೆಯುವುದು ಸರಿಯಲ್ಲ.

ಮೆಟೊಪ್ರೊಲಾಲ್ ಮತ್ತೆ ಶುರುವಾಯಿತು. ಈ ಸಲ ಗಂಡ, ಅತ್ತೆ, ತವರಿನ ಅವ್ವ ಮೂವರನ್ನೂ ಕೂರಿಸಿಕೊಂಡು ಮಾತಾಡಿದೆ. ಮಗುವಿನ ತೂಕ ತುಸು ಕಡಿಮೆಯಾಗಬಹುದು ಎಂಬ ಆತಂಕ ಪೂರ್ತಿ ಸುಳ್ಳಲ್ಲ. ಇದೇ ಗುಂಪಿನ ಅಟೆನೊಲಾಲ್‌ನಲ್ಲಿ ಅದು ಹೆಚ್ಚು ಕಂಡುಬಂದಿದ್ದರಿಂದಲೇ ಬಸಿರಿನಲ್ಲಿ ಅದನ್ನು ದೂರವಿಡುತ್ತೇವೆ. ಮಗುವಿನ ಥೈರಾಯ್ಡಿಗೆ ಪೆಟ್ಟು ಕೊಡುವ ಅಮಿಯೊಡರಾನ್ ಅನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ಮುಟ್ಟುತ್ತೇವೆ. ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ದಶಕಗಳಿಂದ ಗರ್ಭಿಣಿಯರಿಗೆ ಕೊಟ್ಟು ಅನುಭವವಿರುವ ಔಷಧಗಳು. ತೂಕದ ಮೇಲೆ ಕಣ್ಣಿಡಲು ಸ್ಕ್ಯಾನ್ ಇದೆ. ಬಿಪಿ ಇಳಿದಾಗ ಮಗು ಅನುಭವಿಸುವುದನ್ನು ಸರಿದೂಗಿಸಲು ಏನೂ ಇಲ್ಲ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, “ಹಾಗಾದರೆ ಮಾತ್ರೆ ನುಂಗಿಸುವುದು ನನ್ನ ಕೆಲಸ” ಎಂದರು. ಮುಂದಿನ ಎಂಟು ವಾರ ಒಂದು ಹೊತ್ತೂ ತಪ್ಪಲಿಲ್ಲ. ಬಸಿರಿನಲ್ಲಿ ಯಕೃತ್ತು ಈ ಔಷಧವನ್ನು ಹೆಚ್ಚು ವೇಗವಾಗಿ ಕರಗಿಸುವುದರಿಂದ 34ನೇ ವಾರದಲ್ಲಿ ಪ್ರಮಾಣವನ್ನು 50ಕ್ಕೆ ಏರಿಸಬೇಕಾಯಿತು. ಅದೇ ಹೊತ್ತಿಗೆ ಹಿಮೊಗ್ಲೋಬಿನ್ 10 ದಾಟಿತ್ತು.

ಹೆರಿಗೆಯ ಯೋಜನೆ

ಮನೆಯವರಿಗೆ ಸಿಸೇರಿಯನ್ ಆಗಬೇಕೆಂಬ ಆಸೆ. ಹೃದಯದ ತೊಂದರೆ ಇರುವವಳು ನೋವು ತಿನ್ನುವುದೇಕೆ ಎಂಬ ಅವರ ವಾದ ಮೇಲ್ನೋಟಕ್ಕೆ ಸರಿಯೆನ್ನಿಸುತ್ತದೆ. ಆದರೆ ಬಡಿತದ ತೊಂದರೆಯೊಂದೇ ಸಿಸೇರಿಯನ್‌ಗೆ ಕಾರಣವಲ್ಲ. ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಹೆಚ್ಚು ಹೋಗುತ್ತದೆ, ಸೋಂಕು ಮತ್ತು ಹೆಪ್ಪುಗಟ್ಟುವ ಅಪಾಯ ಹೆಚ್ಚು. ಸಹಜ ಹೆರಿಗೆಯಲ್ಲಿ ನಾವು ಹಿಡಿತದಲ್ಲಿಡಬೇಕಾದದ್ದು ನೋವು. ಪ್ರತಿ ನೋವಿನ ಅಲೆಯಲ್ಲಿ ಗರ್ಭಕೋಶದಿಂದ 300ರಿಂದ 500 ಮಿಲಿಯಷ್ಟು ರಕ್ತ ತಾಯಿಯ ರಕ್ತಪ್ರವಾಹಕ್ಕೆ ಹಿಂಡಲ್ಪಡುತ್ತದೆ. ಜೊತೆಗೆ ನೋವು, ಹೆದರಿಕೆಗಳಿಂದ ಏರುವ ಅಡ್ರಿನಲಿನ್. ಬೆನ್ನಿಗೆ ಎಪಿಡ್ಯೂರಲ್ ಕೊಟ್ಟು ನೋವು ತಗ್ಗಿಸಿದರೆ ಅಡ್ರಿನಲಿನ್ ಇಳಿಯುತ್ತದೆ. ಈ ಮಾತಿಗೆ ಅವರು ಒಪ್ಪಿದರು.

ಒಂದೇ ಪುಟದಲ್ಲಿ ಯೋಜನೆ ಬರೆದು ತಾಯಿ ಕಾರ್ಡಿನೊಳಗೆ ಅಂಟಿಸಿದೆವು. ನಟ್ಟಿರುಳು ಯಾವ ಆಸ್ಪತ್ರೆಗೆ ಹೋದರೂ, ಯಾವ ವೈದ್ಯರು ಕರ್ತವ್ಯದಲ್ಲಿದ್ದರೂ ಓದಿ ನಡೆಯುವಂತಿರಬೇಕು ಎಂಬುದೇ ಉದ್ದೇಶ. ಏನು ಕೊಡಬೇಕು ಎನ್ನುವುದಕ್ಕಿಂತ ಏನು ಕೊಡಬಾರದು ಎನ್ನುವುದಕ್ಕೆ ಅದರಲ್ಲಿ ಹೆಚ್ಚು ಜಾಗ ಸಿಕ್ಕಿತು. ಅವಧಿಗೆ ಮೊದಲೇ ನೋವು ಬಂದರೆ ಐಸಾಕ್ಸುಪ್ರಿನ್ ಆಗಲಿ ಟರ್ಬ್ಯುಟಲಿನ್ ಆಗಲಿ ಬೇಡ, ಅವೆರಡೂ ಬಡಿತವನ್ನು ಓಡಿಸುತ್ತವೆ. ಹೊಟ್ಟೆನೋವು ಎಂದ ಗರ್ಭಿಣಿಗೆ ಐಸಾಕ್ಸುಪ್ರಿನ್ ಬರೆಯುವುದು ಸಣ್ಣ ಊರುಗಳಲ್ಲಿ ಇನ್ನೂ ಹೋಗದ ರೂಢಿಯಾದ್ದರಿಂದ ಇದನ್ನು ಕೆಂಪು ಶಾಯಿಯಲ್ಲಿ ಬರೆದೆವು. ಡೆರಿಫಿಲಿನ್ ಬೇಡ. ಹೆರಿಗೆಯಾದ ಮೇಲೆ ಆಕ್ಸಿಟೋಸಿನ್ನನ್ನು ಒಮ್ಮೆಲೇ ನರಕ್ಕೆ ತಳ್ಳಬಾರದು, ಬಿಪಿ ಕುಸಿದು ಬಡಿತ ಏರುತ್ತದೆ, ನಿಧಾನವಾಗಿ ಹನಿಸಬೇಕು. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಕೊಡುವ ಮೆಥರ್ಜಿನ್ ಬೇಡ. ಬಡಿತ ಶುರುವಾದರೆ ಸಿರಿಂಜ್ ಊದಿಸುವುದು, ಆಮೇಲೆ ಅಡೆನೊಸಿನ್, ಬಿಪಿ ಬಿದ್ದರೆ ಆಘಾತ. ಹೆರಿಗೆಯ ದಿನವೂ ಬೆಳಗಿನ ಮಾತ್ರೆ ತಪ್ಪಿಸಬಾರದು. ಪುಟದ ಹಿಂಬದಿಗೆ ಎರಡೂ ಇಸಿಜಿಗಳ ಜೆರಾಕ್ಸ್ ಪ್ರತಿ ಹಚ್ಚಿದೆವು, ಅದು ಮಾಸುವುದಿಲ್ಲ. 37 ವಾರ ತುಂಬಿದ ಮೇಲೆ ನವನಗರದಲ್ಲಿರುವ ಸಂಬಂಧಿಕರ ಮನೆಯಲ್ಲಿ ಇರುವಂತೆ ಹೇಳಿದೆವು. ಕಬ್ಬಿನ ಟ್ರ್ಯಾಕ್ಟರುಗಳ ಹಂಗಾಮು ಇನ್ನೂ ಮುಗಿದಿರಲಿಲ್ಲ.

39ನೇ ವಾರದಲ್ಲಿ ತಾನಾಗಿ ನೋವು ಬಂತು. ಬೆಳಿಗ್ಗೆ ಹತ್ತಕ್ಕೆ ಎಪಿಡ್ಯೂರಲ್ ಕೊಟ್ಟರು. ಮಧ್ಯಾಹ್ನ, ಗರ್ಭದ ಬಾಯಿ ಎಂಟು ಸೆಂಟಿಮೀಟರ್ ತೆರೆದಿದ್ದಾಗ ಬಡಿತ ಥಟ್ಟನೆ 184ಕ್ಕೆ ಏರಿತು. ಸಿರಿಂಜ್ ಊದಿದ್ದು ಫಲ ಕೊಡಲಿಲ್ಲ. 6 ಮಿಲಿಗ್ರಾಂ ಅಡೆನೊಸಿನ್ ಕೊಟ್ಟೆವು. ಈ ಸಲ ರಕ್ತದಲ್ಲಿ ಎದುರಾಳಿ ಇರಲಿಲ್ಲ. ಮಾನಿಟರಿನ ಗೆರೆ ಮೂರು ಸೆಕೆಂಡು ಸಪಾಟಾಯಿತು, ಆಮೇಲೆ 88ಕ್ಕೆ ಬಂದು ಕುಳಿತಿತು. ಶುರುವಾದಾಗಿನಿಂದ ನಿಲ್ಲುವವರೆಗೆ ಆರು ನಿಮಿಷ. ಡಿಸೆಂಬರಿನಲ್ಲಿ ನಾಲ್ಕು ಗಂಟೆ ದಾಟಿದ್ದ ಅದೇ ತೊಂದರೆ ಇದು.

ಎರಡು ಗಂಟೆಗಳ ನಂತರ ಹೆಣ್ಣುಮಗು ಹುಟ್ಟಿತು, ತೂಕ 2.6 ಕಿಲೋ. ತಾಯಿ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಿದ್ದರೆ ಹುಟ್ಟಿದ ಮಗುವಿನ ಎದೆಬಡಿತ ನಿಧಾನವಾಗಬಹುದು, ರಕ್ತದ ಸಕ್ಕರೆ ಇಳಿಯಬಹುದು. ಎರಡು ದಿನ ಎರಡನ್ನೂ ನೋಡುತ್ತಿದ್ದೆವು. ಎರಡೂ ಸರಿಯಿದ್ದವು.

ಬಾಣಂತನ

ಹೆರಿಗೆ ಸುಸೂತ್ರವಾಯಿತು ಎಂದು ಎಲ್ಲರೂ ಉಸಿರು ಬಿಡುವ ಹೊತ್ತಿನಲ್ಲೇ ಹೃದಯಕ್ಕೆ ಅತಿ ಹೆಚ್ಚಿನ ಕೆಲಸ. ಮಗು ಹೊರಬಂದ ಕೂಡಲೇ ಗರ್ಭಕೋಶ ಮುದುಡಿ ಅದರಲ್ಲಿದ್ದ ರಕ್ತವೆಲ್ಲ ಒಮ್ಮೆಲೇ ಮರಳುತ್ತದೆ, ಹೃದಯ ಪಂಪು ಮಾಡುವ ಪ್ರಮಾಣ ನೋವು ಶುರುವಾಗುವ ಮೊದಲಿದ್ದುದಕ್ಕಿಂತ ಶೇ 60ರಿಂದ 80ರಷ್ಟು ಏರಬಹುದು. ಹಾಗಾಗಿ 48 ಗಂಟೆ ಮಾನಿಟರ್ ತೆಗೆಯಲಿಲ್ಲ.

ನನಗೆ ಹೆಚ್ಚು ಚಿಂತೆಯಿದ್ದದ್ದು ಮನೆಗೆ ಹೋದ ಮೇಲಿನದು. ನಮ್ಮ ಕಡೆ ಬಾಣಂತಿಯನ್ನು ಗಾಳಿಯಾಡದ ಕೋಣೆಯಲ್ಲಿ ಹೊರಸಿನ ಮೇಲೆ ಮಲಗಿಸಿ ಕೆಳಗೆ ಕೆಂಡ ಇಡುತ್ತಾರೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಹೊಟ್ಟೆ ಬರುತ್ತದೆ ಎಂದು ನೀರು ಅಳೆದು ಕೊಡುತ್ತಾರೆ. ಅಂಟಿನ ಉಂಡೆ, ಶುಂಠಿ, ತುಪ್ಪ, ಬಿಸಿನೀರಿನ ಸ್ನಾನ ಇವುಗಳ ಬಗ್ಗೆ ನನ್ನ ತಕರಾರಿಲ್ಲ, ಹಿರಿಯರ ಅಕ್ಕರೆಯ ಆರೈಕೆಯಿಂದ ಬಾಣಂತಿ ಚೇತರಿಸಿಕೊಳ್ಳುತ್ತಾಳೆ. ಆದರೆ ಕೆಂಡದ ಶಾಖದಲ್ಲಿ ಬೆವರುತ್ತಾ, ಹಾಲೂಡಿಸುತ್ತಾ, ನೀರಿಲ್ಲದೆ ಇರುವ ಈ ಹೃದಯ ಮತ್ತೆ ಓಡತೊಡಗುವುದರಲ್ಲಿ ಸಂಶಯವಿಲ್ಲ. ತವರಿನ ಅವ್ವನಿಗೆ ಹೇಳಿದೆ: “ಅವ್ವಾ, ಉಂಡೆ ಎಷ್ಟಾದರೂ ತಿನ್ನಿಸಿ. ನೀರು ಮಾತ್ರ ಅಳೆಯಬೇಡಿ. ದಿನಕ್ಕೆ ಮೂರು ತಂಬಿಗೆ ಖಾಲಿಯಾಗಲೇಬೇಕು. ಕೆಂಡವನ್ನು ಕೋಣೆಯ ಹೊರಗಿಡಿ.” ಮಾತ್ರೆಯಿಂದ ಹಾಲು ಕೆಡುವುದಿಲ್ಲ, ಮೆಟೊಪ್ರೊಲಾಲ್ ಹಾಲಿಗೆ ಸೇರುವುದು ಅಲ್ಪ, ಮಗುವಿಗೆ ಹಾಲು ನಿಲ್ಲಿಸಬೇಕಾಗಿಲ್ಲ ಎಂಬುದನ್ನೂ ಬಿಡುಗಡೆಯ ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟೆವು. ಆಶಾ ಕಾರ್ಯಕರ್ತೆ ಮನೆಗೆ ಹೋದಾಗಲೆಲ್ಲ ತಂಬಿಗೆಯನ್ನೂ ಮಾತ್ರೆಯ ಪಟ್ಟಿಯನ್ನೂ ನೋಡಿ ಫೋನ್ ಮಾಡುತ್ತಿದ್ದರು. ಮೂರನೇ ವಾರದಲ್ಲಿ ಒಮ್ಮೆ ಬಡಿತ ಬಂದಿತ್ತು. ಆಕೆಯೇ ಸಿರಿಂಜ್ ಊದಿ ಗೋಡೆಗೆ ಕಾಲೆತ್ತಿ ಮಲಗಿ ನಿಲ್ಲಿಸಿಕೊಂಡಿದ್ದಳು.

ಮಾತ್ರೆ ಈ ಕಾಟವನ್ನು ತಡೆಯುತ್ತದೆ, ಬೇರಿನಿಂದ ತೆಗೆಯುವುದಿಲ್ಲ. ತೊಡೆಯ ರಕ್ತನಾಳದ ಮೂಲಕ ತಂತಿ ಕಳಿಸಿ, ಸಂಕೇತದ ಸುತ್ತಾಟಕ್ಕೆ ಕಾರಣವಾದ ದಾರಿಯನ್ನು ಸುಡುವ ಅಬ್ಲೇಷನ್‌ನಿಂದ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಜನರಿಗೆ ಪೂರ್ತಿ ಗುಣ ಸಿಗುತ್ತದೆ. ಸಹಜ ದಾರಿಗೂ ಪೆಟ್ಟಾಗಿ ಪೇಸ್‌ಮೇಕರ್ ಬೇಕಾಗುವ ಸಾಧ್ಯತೆ ನೂರಕ್ಕೆ ಒಂದರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಬಸಿರಿನಲ್ಲಿ ಎಕ್ಸ್-ರೇ ಕಾರಣಕ್ಕೆ ಇದನ್ನು ಆದಷ್ಟು ಮುಂದೂಡುತ್ತೇವೆ, ಮಾತ್ರೆಗಳಿಗೆ ಬಗ್ಗದಿದ್ದರೆ ಎಕ್ಸ್-ರೇ ಇಲ್ಲದೆಯೇ ಮಾಡುವ ವಿಧಾನವೂ ಈಗ ಇದೆ. ನಿಜ ಹೇಳಬೇಕೆಂದರೆ ಇದು ಆಕೆಗೆ ಮದುವೆಗೆ ಮೊದಲೇ ಆಗಬೇಕಿತ್ತು. ವರ್ಷಗಟ್ಟಲೆ ‘ಅಂಜಬೇಡ’ ಎನ್ನಿಸಿಕೊಳ್ಳುವ ಬದಲು ಒಂದು ಸಲ ಇಪ್ಪತ್ನಾಲ್ಕು ಗಂಟೆ ಬಿಡದೆ ಇಸಿಜಿ ದಾಖಲಿಸುವ ಹೋಲ್ಟರ್ ಯಂತ್ರ ಕಟ್ಟಿದ್ದರೆ, ಅದರಲ್ಲೂ ಸಿಗದಿದ್ದರೆ ಬಡಿತ ಬಂದಾಗ ನೇರವಾಗಿ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಓಡಿ ಇಸಿಜಿ ಮಾಡಿಸು ಎಂದು ಯಾರಾದರೂ ಹೇಳಿದ್ದರೆ, ಎರಡು ಬಸಿರುಗಳೂ ಹಗುರವಾಗಿ ಕಳೆಯುತ್ತಿದ್ದವು.

ಮಗುವಿಗೆ ಏಳು ತಿಂಗಳಾದಾಗ ಬೆಳಗಾವಿಯಲ್ಲಿ ಅಬ್ಲೇಷನ್ ಆಯಿತು. ಗಂಟಿನ ಪಕ್ಕದ ನಿಧಾನದ ದಾರಿಯೇ ಆ ಸುತ್ತಾಟಕ್ಕೆ ಕಾರಣವೆಂದು ಪರೀಕ್ಷೆಯಲ್ಲಿ ಖಚಿತವಾಯಿತು, ಅದನ್ನು ಸುಟ್ಟರು. ಮರುದಿನ ಮನೆಗೆ ಕಳಿಸಿದರು, ಮೆಟೊಪ್ರೊಲಾಲ್ ನಿಲ್ಲಿಸಲು ಹೇಳಿದರು. ಈ ಸಲ ವೈದ್ಯರು ಹೇಳಿ ನಿಲ್ಲಿಸಿದ್ದು. ಆರು ತಿಂಗಳ ನಂತರದ ತಪಾಸಣೆಗೆ ಬಂದಾಗ ಹಿಮೊಗ್ಲೋಬಿನ್ 11.4 ಇತ್ತು, ಒಮ್ಮೆಯೂ ಬಡಿತ ಬಂದಿರಲಿಲ್ಲ.